ತೇರು ಇದೆ, ಎಳೆಯುವವರು ಎಲ್ಲಿ?

ತ್ಯಾಗಲಿಯ ಅಜ್ಜನಮನೆಯಲ್ಲಿ ಅಡಿಕೆ ಸುಲಿಯುವ ದಿನಗಳೆಂದರೆ ಜಗಲಿಯಲ್ಲಿ ರಾತ್ರಿಯವರೆಗೂ ಮಾತು, ನಗು, ಕತ್ತಿಯ ಸದ್ದು. ಸುಲಿಯಲು ಬಂದವರಿಗೆ ಲೆಕ್ಕ ಮಾಡಿ ದುಡ್ಡು ಕೊಡುವುದು ಅಮ್ಮಮ್ಮನ ಕೆಲಸ. 2017ರ ಕೊನೆಯಲ್ಲಿ, ಹೊಸ ಐವತ್ತರ ನೋಟು ಮೊದಲ ಬಾರಿಗೆ ಅವಳ ಕೈಗೆ ಬಂದಾಗ, ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. ಕಡುನೀಲಿಯೂ ಅಲ್ಲದ, ಆಕಾಶದ್ದೂ ಅಲ್ಲದ ಬಣ್ಣ. ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ತಪ್ಪಿಸದ ಅವಳು ಕೇಳಿದ್ದು ಒಂದೇ ಪ್ರಶ್ನೆ: "ತೇರು ಇದ್ದು ತಮಾ, ಎಳೆವ ಜನ ಎಲ್ಲಿದ್ದ?"

ಆಗ ನಕ್ಕಿದ್ದೆ. ಆಮೇಲೆ ನಮ್ಮ ನೋಟುಗಳನ್ನು ಒಂದೊಂದಾಗಿ ಹರವಿಕೊಂಡು ನೋಡಿದಾಗ, ಅವುಗಳ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ ಎಂದು ಅನ್ನಿಸಿತು.

ಮೊದಲು ಆ ತೇರನ್ನೇ ನೋಡೋಣ. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವುದು ಹೆಸರಿಗೆ ರಥ, ನಿಜದಲ್ಲಿ ಗರುಡನ ಗುಡಿ. ಅದನ್ನು ಯಾರೂ ಎಂದೂ ಎಳೆದದ್ದಿಲ್ಲ. ಮುಂದೆ ನಿಂತಿರುವ ಆನೆಗಳು ಆಮೇಲೆ ತಂದಿಟ್ಟವು. ಮೊದಲು ಅಲ್ಲಿ ಕುದುರೆಗಳಿದ್ದ ಗುರುತು ಈಗಲೂ ಇದೆ. ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ, ನಮ್ಮ ನೋಟಿನಲ್ಲಿ ಕಾಣುವುದಿಲ್ಲ. ಅಂದರೆ ನೋಟಿನ ಮೇಲಿರುವುದು ಕೃಷ್ಣದೇವರಾಯನ ಕಾಲದ ಹಂಪೆಯಲ್ಲ, ಇವತ್ತು ಟಿಕೆಟ್ ತೆಗೆದುಕೊಂಡು ಒಳಗೆ ಹೋದವರು ನೋಡುವ ಹಂಪೆ.

ಉಳಿದ ನೋಟುಗಳನ್ನೂ ಪಕ್ಕಕ್ಕಿಟ್ಟರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಹತ್ತರಲ್ಲಿ ಕೋನಾರ್ಕ, ಇಪ್ಪತ್ತರಲ್ಲಿ ಎಲ್ಲೋರ, ಐವತ್ತರಲ್ಲಿ ಹಂಪೆ, ನೂರರಲ್ಲಿ ಗುಜರಾತಿನ ರಾಣಿಯ ಬಾವಿ, ಇನ್ನೂರರಲ್ಲಿ ಸಾಂಚಿ, ಐನೂರರಲ್ಲಿ ಕೆಂಪುಕೋಟೆ. ಆರಕ್ಕೆ ಆರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗಗಳು. ಎಲ್ಲೋರ 1983ರಲ್ಲಿ, ಹಂಪೆ 1986ರಲ್ಲಿ, ರಾಣಿಯ ಬಾವಿ 2014ರಲ್ಲಿ ಆ ಪಟ್ಟಿ ಸೇರಿದವು. ದೇಶವೊಂದು ತನ್ನ ಹಣದ ಮೇಲೆ ತನ್ನ ಚಿತ್ರ ಬರೆದುಕೊಳ್ಳುವಾಗ, ಹೊರಗಿನವರು ಮೆಚ್ಚಿ ಮುದ್ರೆ ಒತ್ತಿದ ಜಾಗಗಳೇ ಸಾಲಾಗಿ ಬಂದು ನಿಂತಿವೆ. ಇದು ಮನೆಯವರು ಮನೆಯನ್ನು ನೋಡುವ ರೀತಿಯಲ್ಲ, ನೆಂಟರು ನೋಡುವ ರೀತಿ.

ಇವುಗಳಿಗಿಂತ ಹಿಂದಿನ ನೋಟುಗಳು ಹೀಗಿರಲಿಲ್ಲ. ಐದರ ನೋಟಿನಲ್ಲಿ ರೈತ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಎರಡರ ನೋಟಿನಲ್ಲಿ ಆರ್ಯಭಟ ಉಪಗ್ರಹವಿತ್ತು. ಒಂದು ಕಾಲದ ನೂರರಲ್ಲಿ ಹಿರಾಕುಡ್ ಅಣೆಕಟ್ಟು. ಅವುಗಳನ್ನು ನೆನೆದು ಹಳೆಯದೆಲ್ಲ ಚಿನ್ನ ಎನ್ನಲಾರೆ. ಆ ಟ್ರ್ಯಾಕ್ಟರ್ ನಮ್ಮ ಅಡಿಕೆ ತೋಟಕ್ಕೆ ಇಳಿಯುವಂಥದ್ದಲ್ಲ. ಅಣೆಕಟ್ಟಿನ ಚಿತ್ರವನ್ನು ಶರಾವತಿಯ ಮುಳುಗಡೆಯವರು ಯಾವ ಕಣ್ಣಿನಿಂದ ನೋಡಿದರೋ ಊಹಿಸುವುದು ಕಷ್ಟವಲ್ಲ. ಅವೂ ಸರ್ಕಾರದ ಜಾಹೀರಾತುಗಳೇ. ಆದರೆ 'ನಾವು ಇದನ್ನು ಮಾಡುತ್ತೇವೆ' ಎಂದು ಅವು ಹೇಳುತ್ತಿದ್ದವು. ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ಕೇಳುವ ಹಕ್ಕು ನೋಟು ಹಿಡಿದವನಿಗೆ ಇರುತ್ತಿತ್ತು. ಈಗಿನವು 'ನಮ್ಮ ಬಳಿ ಇವೆಲ್ಲ ಇದ್ದವು' ಎನ್ನುತ್ತವೆ. ಅದಕ್ಕೆ ಹೌದು ಎನ್ನುವುದನ್ನು ಬಿಟ್ಟು ಬೇರೆ ಉತ್ತರವೇ ಇಲ್ಲ.

ನನಗೆ ಎಲ್ಲಕ್ಕಿಂತ ಚುಚ್ಚುವುದು ಐನೂರರ ನೋಟು. ಹಳೆಯದರ ಬೆನ್ನಿನಲ್ಲಿ ದಂಡಿಗೆ ಹೊರಟ ಗಾಂಧಿ, ಅವರ ಹಿಂದೆ ಸಾಲಾಗಿ ಜನ. 1930ರ ಆ ಉಪ್ಪಿನ ಸತ್ಯಾಗ್ರಹ ನಮ್ಮ ಜಿಲ್ಲೆಯ ಅಂಕೋಲೆಯಲ್ಲೂ ನಡೆಯಿತು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ. ಸರ್ಕಾರಕ್ಕೆ ತೀರುವೆ ಕಟ್ಟುವುದಿಲ್ಲ ಎಂದವರ ಜಮೀನು, ಮನೆ, ಪಾತ್ರೆಪಗಡಿ ಮುಟ್ಟುಗೋಲಾದವು. ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹಕ್ಕೆ ಕುಳಿತರು. ಹಾಗಾಗಿ ಆ ನೋಟಿನಲ್ಲಿ ಗಾಂಧಿಯ ಹಿಂದೆ ನಡೆಯುತ್ತಿದ್ದ ಹೆಸರಿಲ್ಲದವರಲ್ಲಿ ನಮ್ಮ ತಾಲೂಕಿನವರೂ ಇದ್ದಾರೆ ಎಂದುಕೊಳ್ಳಬಹುದಿತ್ತು. 2016ರ ನವೆಂಬರ್ 8ರ ಮಧ್ಯರಾತ್ರಿ ಆ ನೋಟು ರದ್ದಾಯಿತು. ಅದರ ಜಾಗಕ್ಕೆ ಬಂದದ್ದು ಕೆಂಪುಕೋಟೆ. ನಡೆಯುವ ಜನ ಹೋಗಿ, ನಿಂತ ಗೋಡೆ ಬಂತು. ಗಾಂಧಿ ಮುಂಬದಿಯಲ್ಲಿ ಉಳಿದರು; ಹಿಂಬದಿಯಲ್ಲಿ ಅವರ ಕನ್ನಡಕವೊಂದೇ, ಸ್ವಚ್ಛ ಭಾರತದ ಗುರುತಾಗಿ.

ಚಿತ್ರದಲ್ಲೇನಿದೆ, ದುಡ್ಡು ಓಡಿದರೆ ಸಾಕಲ್ಲ ಎನ್ನುವವರಿಗೆ ನಮ್ಮ ಪಕ್ಕದ ಸೀಮೆಯದೇ ಒಂದು ಕಥೆ ಇದೆ. ಇಕ್ಕೇರಿಯ ನಾಯಕರ ಚಿನ್ನದ ವರಹದಲ್ಲಿ ಒಂದು ಮುಖಕ್ಕೆ ಶಿವಪಾರ್ವತಿಯರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ತನ್ನ ನಾಣ್ಯ ಹೊಡೆಸುವಾಗ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ; ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರ ಒತ್ತಿಸಿದ. ಇದನ್ನು ಉದಾರತೆ ಎಂದಾದರೂ ಕರೆಯಿರಿ, ಜಾಣತನ ಎಂದಾದರೂ ಕರೆಯಿರಿ. ರಾಜ್ಯ ಗೆದ್ದ ಮಾತ್ರಕ್ಕೆ ಸಂತೆಯ ನಂಬಿಕೆ ಗೆದ್ದಂತಲ್ಲ, ಅದು ಜನರಿಗೆ ಗುರುತಿರುವ ಚಿತ್ರದಲ್ಲಿದೆ ಎಂದು ಆತನಿಗೆ ಗೊತ್ತಿತ್ತು. ವರಹ ಎಂಬ ಹೆಸರೂ ನಾಣ್ಯದ ಮೇಲಿದ್ದ ವರಾಹನ ಚಿತ್ರದಿಂದಲೇ ಬಂದದ್ದು. ಚಿತ್ರವೇ ಹಣದ ಹೆಸರಾಗುವಷ್ಟು ಜನ ಅದನ್ನು ತಮ್ಮದು ಮಾಡಿಕೊಂಡಿದ್ದರು.

ಅದಕ್ಕೆ ಎದುರಾಗಿ 2016ರ ಅಡಿಕೆ ಸುಗ್ಗಿಯನ್ನು ನೆನಪು ಮಾಡಿಕೊಳ್ಳಿ. ಕೊನೆ ಇಳಿಸುವವರಿಗೆ, ಸುಲಿಯುವವರಿಗೆ ದಿನದಿನದ ಕೂಲಿ ಕೊಡಬೇಕು. ಕೈಯಲ್ಲಿರುವುದು ಎರಡು ಸಾವಿರದ ಗುಲಾಬಿ ನೋಟು. ಅದರ ಮೇಲೆ ಮಂಗಳಯಾನ. ಮಂಗಳ ಗ್ರಹದವರೆಗೆ ಹೋದ ಚಿತ್ರವಿದ್ದ ಆ ನೋಟು, ಚಿಲ್ಲರೆ ಇಲ್ಲವೆಂದು ಪೇಟೆಯ ಅಂಗಡಿಯಿಂದ ಹಾಗೇ ಮನೆಗೆ ವಾಪಸಾಗುತ್ತಿತ್ತು. 2023ರ ಮೇ ತಿಂಗಳಲ್ಲಿ ಅದನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವ ಪ್ರಕಟಣೆ ಬಂದಾಗ ನಮ್ಮ ಕಡೆ ಯಾರೂ ಅದಕ್ಕಾಗಿ ಬೇಸರಪಟ್ಟದ್ದನ್ನು ನಾನು ನೋಡಲಿಲ್ಲ. ಯಾರದ್ದೂ ಆಗದ ಚಿತ್ರ ಹೋದರೆ ಯಾರಿಗೂ ಏನೂ ಹೋದಂತಾಗುವುದಿಲ್ಲ.

ಹಾಗಾದರೆ ಐವತ್ತರ ನೋಟಿನ ಮೇಲೆ ಅಡಿಕೆ ಸುಲಿಯುವ ಹೆಂಗಸಿನ ಚಿತ್ರ ಹಾಕಬೇಕೆ? ಹಾಕಿದರೆ ಅದೂ ನಾಲ್ಕು ದಿನದಲ್ಲಿ ಇನ್ನೊಂದು ಪೋಸ್ಟರ್ ಆದೀತು. ನನ್ನ ತಕರಾರು ಹಂಪೆಯ ಮೇಲೆಯೂ ಅಲ್ಲ. ಹಂಪೆಯನ್ನು ತೋರಿಸಿದರೆ ನನಗೂ ಹೆಮ್ಮೆಯೇ. ಆರೂ ನೋಟುಗಳಲ್ಲಿ ಒಂದರಲ್ಲೂ ಕೆಲಸ ಮಾಡುವ ಒಂದು ಕೈ, ನಡೆಯುವ ಒಂದು ಕಾಲು ಮುಖ್ಯ ಚಿತ್ರವಾಗಿ ಬಾರದೇ ಹೋದದ್ದು ನನ್ನ ತಕರಾರು. ಕಲ್ಲು ಕೆತ್ತಿದವರೂ ಕೂಲಿಯವರೇ. ಅವರ ಕೆಲಸ ಬಂದಿದೆ, ಅವರು ಬಂದಿಲ್ಲ.

ನೋಟಿನಲ್ಲಿ ನಮ್ಮೊಡನೆ ನೇರವಾಗಿ ಮಾತಾಡುವ ಜಾಗ ಒಂದೇ ಇದೆ. ಹಿಂಬದಿಯಲ್ಲಿ, ರಥದ ಎಡಕ್ಕೆ, ಹದಿನೈದು ಭಾಷೆಗಳ ಸಣ್ಣ ಪಟ್ಟಿ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ಅಸ್ಸಾಮಿ, ಬಂಗಾಳಿ, ಗುಜರಾತಿಗಳ ಕೆಳಗೆ, ಇಂಗ್ಲಿಷಿನ ಅಕ್ಷರಮಾಲೆಯ ಕ್ರಮದಲ್ಲಿ. ದೊಡ್ಡ ಅಂಕಿಗಳು ಇಂಗ್ಲಿಷಿನ ರೂಪದಲ್ಲಿವೆ, ದೇವನಾಗರಿಯಲ್ಲಿವೆ. ಕನ್ನಡದ ಅಂಕಿ ಇಲ್ಲ. ಕನ್ನಡ ಮಾತ್ರ ಓದಬಲ್ಲವರಿಗೆ ಸಿಗುವುದು ಆ ಇರುವೆಸಾಲಿನಂಥ ಅಕ್ಷರಗಳು. ಚಿತ್ರಕ್ಕೆ ಅಷ್ಟು ಜಾಗ, ಮಾತಿಗೆ ಇಷ್ಟು.

ಅವತ್ತು ಜಗಲಿಯಲ್ಲಿ ಅಮ್ಮಮ್ಮನಿಗೂ ಅದು ಕಾಣಲಿಲ್ಲ. "ನಮ್ಮ ಅಕ್ಷರ ಎಲ್ಲಿದ್ದು?" ಎಂದು ಕನ್ನಡಕ ಏರಿಸಿದಳು. ಸುಲಿಯಲು ಬಂದಿದ್ದವರ ಜೊತೆಗಿದ್ದ, ಮೂರನೇ ಇಯತ್ತೆಯ ಹುಡುಗಿಯೊಬ್ಬಳು ಹತ್ತಿರ ಬಂದು, ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು: "ಐವತ್ತು ರುಪಾಯಿಗಳು." ಅಮ್ಮಮ್ಮ ಆ ನೋಟನ್ನು ಅವಳ ತಾಯಿಯ ಲೆಕ್ಕಕ್ಕೆ ಸೇರಿಸಿ ಕೊಟ್ಟಳು.