ಹಾಲುವಾಣದ ಹೂವು, ಹಂದಿಗಳ ಹಡಗು

ನನ್ನ ಅಕ್ಕನ ಮಗಳು ಜಪಾನಿನ ಓಸಾಕಾದಲ್ಲಿ ಕೆಲಸಕ್ಕಿದ್ದಾಳೆ. ಕಳೆದ ಮಳೆಗಾಲದ ಒಂದು ಸಂಜೆ ನನ್ನ ಮೊಬೈಲಿಗೆ ಒಂದು ಹಾಡು ಕಳಿಸಿ, "ಚಿಕ್ಕಮ್ಮ, ಅರ್ಥ ಆಮೇಲೆ ಹೇಳುತ್ತೇನೆ, ಮೊದಲು ಸುಮ್ಮನೆ ಕೇಳಿ" ಎಂದು ಬರೆದಿದ್ದಳು. ಕೇಳಿದೆ. ಮಾತು ತಿಳಿಯಲಿಲ್ಲ, ಆದರೆ ರಾಗ ಪರಕೀಯ ಎನ್ನಿಸಲಿಲ್ಲ. ಮರುದಿನ ಶಾಲೆಯಲ್ಲಿ ನಮ್ಮ ಸಂಗೀತದ ಟೀಚರಿಗೆ ಕೇಳಿಸಿದೆ. ಅವರು ಹಾರ್ಮೋನಿಯಂ ಮೇಲೆ ಬೆರಳಾಡಿಸಿ, "ಸ ಗ ಮ ಪ ನಿ. ರಿಷಭ ಇಲ್ಲ, ಧೈವತ ಇಲ್ಲ. ನಮ್ಮ ಗಂಭೀರನಾಟದ ಸ್ವರಗಳೇ ಅಲ್ಲವೆ ಇವು? ದೇವರ ಮೆರವಣಿಗೆಯಲ್ಲಿ ನಾಗಸ್ವರದವರು ಮಲ್ಲಾರಿ ನುಡಿಸುವುದು ಇದರಲ್ಲೇ" ಎಂದರು. ಮತ್ತೊಮ್ಮೆ ಕೇಳಿ, "ನಡುವೆ ಒಂದು ಕಡೆ ಮಾತ್ರ ಸ್ವರ ಬೇರೆ ದಾರಿ ಹಿಡಿಯುತ್ತದೆ. ಯಾಕೋ ಗೊತ್ತಾಗಲಿಲ್ಲ" ಎಂದರು. ಆ 'ಯಾಕೋ' ನನ್ನನ್ನು ಬಹಳ ದಿನ ಕಾಡಿತು. ಈ ಬರಹ ಹುಟ್ಟಿದ್ದು ಅದರಿಂದ.

ಹಾಡಿನ ಹೆಸರು 'ಶಿಮಾ ಉತಾ'. ಬರೆದು ಸ್ವರ ಹಾಕಿದವರು ಮಿಯಾಝಾವಾ ಕಝುಫುಮಿ. ಅವರ ತಂಡ 'ದ ಬೂಮ್' ಇದನ್ನು ಮೊದಲು ಹೊರತಂದದ್ದು 1992ರಲ್ಲಿ. ಹಾಡು ಓಕಿನಾವದ್ದು, ಆದರೆ ಬರೆದವರು ಓಕಿನಾವದವರಲ್ಲ. ಕಡಲೇ ಇಲ್ಲದ ಯಾಮಾನಾಶಿ ಎಂಬ ಒಳನಾಡಿನಲ್ಲಿ ಹುಟ್ಟಿದವರು. ಓಕಿನಾವವೋ, ಜಪಾನಿನ ದಕ್ಷಿಣ ತುದಿಯ ದ್ವೀಪಗಳ ಸಾಲು. ಒಂದು ಕಾಲದಲ್ಲಿ ಅದು ರ್ಯುಕ್ಯು ಎಂಬ ಸ್ವತಂತ್ರ ರಾಜ್ಯ. 1879ರಲ್ಲಿ ಜಪಾನು ಅದನ್ನು ತನ್ನೊಂದು ಪ್ರಾಂತವನ್ನಾಗಿ ಸೇರಿಸಿಕೊಂಡಿತು. ಯುದ್ಧದ ಮೇಲೆ 1972ರವರೆಗೆ ಅಮೆರಿಕದ ಆಡಳಿತದಲ್ಲಿತ್ತು.

ಜಪಾನಿ ನುಡಿಯಲ್ಲಿ 'ಶಿಮಾ' ಎಂದರೆ ದ್ವೀಪ. ಓಕಿನಾವದವರ ಬಾಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ: ಹುಟ್ಟಿದ ಹಳ್ಳಿ, ತನ್ನವರಿರುವ ಜಾಗ. ನಾವು "ನಿಮ್ಮ ಊರು ಯಾವುದು?" ಎಂದು ಕೇಳುತ್ತೇವಲ್ಲ, ಆ ಊರು. ಹಾಗಾಗಿ 'ಶಿಮಾ ಉತಾ' ಎಂಬುದನ್ನು ನಾನು 'ಊರ ಹಾಡು' ಎಂದೇ ಅನುವಾದಿಸಿಕೊಳ್ಳುತ್ತೇನೆ.

ಊರನ್ನು ಬಿಟ್ಟವರಿಗೇ ಊರ ಹಾಡು ಬೇಕಾಗುವುದು. ಓಕಿನಾವದಷ್ಟು ಜನರನ್ನು ಹೊರಕ್ಕೆ ಕಳಿಸಿದ ಪ್ರಾಂತಗಳು ಜಪಾನಿನಲ್ಲಿ ಕಡಿಮೆ. 1900ರ ಜನವರಿಯಲ್ಲಿ 26 ಮಂದಿಯ ಮೊದಲ ಗುಂಪು ಹವಾಯಿಯ ಕಬ್ಬಿನ ತೋಟಗಳಿಗೆ ಹೋಗಿ ಇಳಿಯಿತು. ಅವರನ್ನು ಹೊರಡಿಸಿದ ತೋಯಾಮಾ ಕ್ಯುಝೋ ಒಂದು ಕಾಲದಲ್ಲಿ ಶಾಲಾ ಮೇಷ್ಟ್ರು. 1908ರಲ್ಲಿ ಕಸಾತೊ ಮಾರು ಎಂಬ ಹಡಗು ಬ್ರೆಜಿಲಿನ ಕಾಫಿ ತೋಟಗಳಿಗೆ ಒಯ್ದ 781 ಜನರಲ್ಲಿ 325 ಮಂದಿ ಓಕಿನಾವದವರು. 1920ರ ದಶಕದಲ್ಲಿ ಸಕ್ಕರೆಯ ಬೆಲೆ ಕುಸಿದಾಗ ಹೊಟ್ಟೆಗಿಲ್ಲದೆ, ವಿಷ ತೆಗೆಯದಿದ್ದರೆ ಪ್ರಾಣಕ್ಕೇ ಎರವಾಗುವ ಸೈಕಾಡ್ ಗಿಡದ ತಿರುಳನ್ನು ತಿಂದು ಬದುಕಿದವರು ಓಸಾಕಾದ ಗಿರಣಿಗಳಿಗೆ ಬಂದರು. ನನ್ನ ಅಕ್ಕನ ಮಗಳು ಈ ಹಾಡನ್ನು ಕೇಳಿದ್ದು ಅವರ ಮೊಮ್ಮಕ್ಕಳು ಇಂದಿಗೂ ವಾಸವಾಗಿರುವ ತೈಶೋ ಎಂಬ ಬಡಾವಣೆಯಲ್ಲಿ. ಮೂರು ತಂತಿಯ, ಹಾವಿನ ಚರ್ಮ ಬಿಗಿದ 'ಸಾನ್‌ಶಿನ್' ಅಲ್ಲಿನ ಎಷ್ಟೋ ಮನೆಗಳ ಗೋಡೆಗೆ ತೂಗುಬಿದ್ದಿದೆಯಂತೆ.

ಈಗ ಹಾಡಿಗೆ ಬರೋಣ. ಮೇಲ್ನೋಟಕ್ಕೆ ಅದು ವಿರಹದ ಹಾಡು. ಹೂವಿದೆ, ಗಾಳಿಯಿದೆ, ಕಡಲಿದೆ, ಕಬ್ಬಿನ ಗದ್ದೆಯ ಜೋಡಿಯೊಂದರ ಅಗಲಿಕೆಯಿದೆ. ಹೂವಿನ ಹೆಸರು 'ದೇಯಿಗೊ'. ಅದರ ಚಿತ್ರ ನೋಡಿದಾಗ ನನಗೆ ನಗು ಬಂತು. ನಮ್ಮ ಹಾಲುವಾಣ! ತುಳುವಿನಲ್ಲಿ ಪೊಂಗಾರೆ ಎನ್ನುತ್ತೇವೆ. ಎಲೆಯೆಲ್ಲ ಉದುರಿದ ಮೇಲೆ ಕೆಂಡದಂತೆ ಹೂ ಬಿಡುವ ಮರ. ನಮ್ಮವರು ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಅಲ್ಲಿ ಅದು ಪ್ರಾಂತದ ಹೂವು. ಅದರ ಹಗುರವಾದ ಮರದಿಂದ ಅರಗಿನ ಬಣ್ಣದ ಪಾತ್ರೆಗಳಾಗುತ್ತವೆ. ಅದು ಹೇರಳವಾಗಿ ಅರಳಿದ ವರ್ಷ ಬಿರುಗಾಳಿಗಳು ಹೆಚ್ಚು ಎಂಬ ನಂಬಿಕೆಯೂ ಅಲ್ಲಿದೆ.

ಹಾಡಿನ ಒಳಗಿನ ಬಿರುಗಾಳಿ ಮಾತ್ರ ಕಡಲಿಂದ ಬಂದದ್ದಲ್ಲ. 1945ರ ಏಪ್ರಿಲಿನಿಂದ ಜೂನ್‌ವರೆಗೆ ಆ ದ್ವೀಪದ ಮೇಲೆ ನಡೆದ ಯುದ್ಧದಲ್ಲಿ ಎರಡು ಪಕ್ಷದ ಸೈನಿಕರೂ ಊರವರೂ ಸೇರಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಜನ ಸತ್ತರು. ಓಕಿನಾವದ ನಾಲ್ವರಲ್ಲಿ ಒಬ್ಬರು ಉಳಿಯಲಿಲ್ಲವೆಂಬುದು ವಾಡಿಕೆಯ ಲೆಕ್ಕ. ಹಿಮೆಯೂರಿ ಎಂದು ಕರೆಯುವ ವಿದ್ಯಾರ್ಥಿನಿಯರ ಕತೆ ಅದರಲ್ಲೊಂದು. ಒಂದು ಹೆಣ್ಣುಮಕ್ಕಳ ಪ್ರೌಢಶಾಲೆ, ಒಂದು ಶಿಕ್ಷಕಿಯರ ತರಬೇತಿ ಶಾಲೆ. ಎರಡರಿಂದ 222 ಹುಡುಗಿಯರನ್ನೂ 18 ಅಧ್ಯಾಪಕರನ್ನೂ ಸೈನ್ಯದ ಆಸ್ಪತ್ರೆಯ ಗುಹೆಗಳಿಗೆ ದಾದಿಯರ ಕೆಲಸಕ್ಕೆ ಒಯ್ದರು. ಜೂನ್ 18ರಂದು "ಇನ್ನು ನಿಮ್ಮ ದಾರಿ ನಿಮಗೆ" ಎಂದು ಗುಂಡಿನ ಮಳೆಯ ನಡುವೆ ಹೊರಗೆ ಬಿಟ್ಟರು. ಒಟ್ಟು 136 ಮಂದಿ ಸತ್ತರು, ಅವರಲ್ಲಿ 13 ಮಂದಿ ಅಧ್ಯಾಪಕರು. ಟೀಚರಾಗಲೆಂದು ಹೋದ ಹುಡುಗಿಯರು! ಬಿ.ಎಡ್. ಓದುವಾಗಿನ ನನ್ನ ಹಾಸ್ಟೆಲಿನ ಗೆಳತಿಯರ ಮುಖಗಳು ನನ್ನ ಕಣ್ಣ ಮುಂದೆ ಬಂದವು. ಮಿಯಾಝಾವಾ ಹಾಡು ಬರೆದದ್ದು 1989ರಲ್ಲಿ ತೆರೆದ ಹಿಮೆಯೂರಿ ಸ್ಮಾರಕ ವಸ್ತುಸಂಗ್ರಹಾಲಯವನ್ನು ಕಂಡು, ಬದುಕಿ ಉಳಿದ ಒಬ್ಬರ ಬಾಯಿಂದ ಕೇಳಿದ ಮೇಲೆ.

ಕಬ್ಬಿನ ಗದ್ದೆಯ ಅಡಿಯಲ್ಲಿ ಆ ಗುಹೆಗಳಿವೆ. ಎಷ್ಟೋ ಜನ ಸೆರೆ ಸಿಗಬಾರದೆಂಬ ಒತ್ತಾಯಕ್ಕೆ ಸಿಕ್ಕಿ ತಮ್ಮವರನ್ನು ತಮ್ಮ ಕೈಯಾರೆ ಕೊಂದು ತಾವೂ ಸತ್ತದ್ದು ಅಲ್ಲಿಯೇ. ಹಾಡಿನ ಜೋಡಿ ಅಗಲುವುದೂ ಅಲ್ಲಿಯೇ. ಆ ಒಂದು ಭಾಗಕ್ಕೆ ಓಕಿನಾವದ ಸ್ವರಪಂಕ್ತಿಯನ್ನು ಬಳಸಲು ತನಗೆ ಮನಸ್ಸಾಗಲಿಲ್ಲ, ಆ ಸಾವನ್ನು ತಂದದ್ದು ಹೊರಗಿನವರು, ಹಾಗಾಗಿ ಸ್ವರವೂ ಹೊರಗಿನದೇ ಎಂಬರ್ಥದ ಮಾತನ್ನು ಮಿಯಾಝಾವಾ ಆಮೇಲೆ ಹೇಳಿದ್ದಾರೆ. ನಮ್ಮ ಸಂಗೀತದ ಟೀಚರ ಹಾರ್ಮೋನಿಯಂ ಹಿಡಿದ 'ಯಾಕೋ' ಇದೇ. ಧ್ವನಿ ಎಂದು ನಮ್ಮ ಕಾವ್ಯಮೀಮಾಂಸೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಟ್ಟಿಲ್ಲ. ಹೊರಗಿನವನೊಬ್ಬ ತಾನು ಹೊರಗಿನವನೆಂಬುದನ್ನು ಸ್ವರದಲ್ಲೇ ಒಪ್ಪಿಕೊಂಡಿದ್ದಾನೆ. ಹಾಡಿನ ಸತ್ಯ ಇರುವುದು ಇಲ್ಲಿ.

ಇಷ್ಟು ಮೆಚ್ಚಿದ ಮೇಲೂ ನನ್ನದೊಂದು ತಕರಾರಿದೆ. ಹಾಡು ನೋವನ್ನು ಅಡಗಿಸಿದ್ದು ಎಷ್ಟು ಚೆನ್ನಾಗಿದೆಯೆಂದರೆ, ಬಹುಪಾಲು ಜನರಿಗೆ ಅದು ಕಾಣಿಸುವುದೇ ಇಲ್ಲ. ಅದರ ಹದಿನೈದು ಲಕ್ಷ ಪ್ರತಿಗಳು ಮಾರಿಹೋದವು. ಕಡಲತೀರದ ರಜೆಯ ಹಾಡಾಗಿ ಅದನ್ನು ಗುನುಗಿದವರೇ ಹೆಚ್ಚು. ಬ್ಯೂನಸ್ ಐರಿಸ್‌ನ ಹಾಸ್ಯನಟ ಆಲ್ಫ್ರೆಡೊ ಕಸೇರೊ ಅಲ್ಲಿನ ಜಪಾನಿ ಊಟದ ಮನೆಯೊಂದರಲ್ಲಿ ಇದನ್ನು ಕೇಳಿ, ಜಪಾನಿ ಭಾಷೆಯಲ್ಲೇ ಕಲಿತು ಹಾಡಿದರು. 2002ರ ವಿಶ್ವಕಪ್ ಫುಟ್‌ಬಾಲಿನ ಹೊತ್ತಿಗೆ ಅರ್ಜೆಂಟೀನಾದ ಉದ್ದಗಲಕ್ಕೂ ಅದು ಹಬ್ಬಿತ್ತು. ಅಲ್ಲಿನ ಜಪಾನಿ ಮೂಲದವರಲ್ಲಿ ಹೆಚ್ಚಿನವರು ಓಕಿನಾವದ ಸಂತತಿ. ಲಾಂಡ್ರಿ ಅಂಗಡಿ, ಹೂವಿನ ತೋಟ ನಡೆಸಿ ಬದುಕಿದವರು. ಅಜ್ಜಿಯ ಊರಿನ ಹಾಡನ್ನು ಟಿ.ವಿ.ಯಲ್ಲಿ ಕೇಳಿ ಅವರ ಎದೆ ಉಬ್ಬಿರಬೇಕು. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಕೇಳಬೇಕೆನಿಸುತ್ತದೆ: ಆ ಎದೆಗೆ ತಾಗಿದ್ದು ಊರೋ, ಊರಿನ ಚಿತ್ರಪಟವೋ?

ಕನ್ನಡ ವಿಮರ್ಶೆಯಲ್ಲಿ 'ಹಳಹಳಿಕೆ' ಎಂಬ ಮಾತನ್ನು ನಾವು ಬೈಗುಳದಂತೆ ಬಳಸುತ್ತೇವೆ. ಹಳೆಯದನ್ನು ನೆನೆದು ಕೊರಗುವವರೆಲ್ಲ ಒಂದೇ ಎಂಬ ಧೋರಣೆ ಅದು. ನನ್ನ ಅನುಭವಕ್ಕೆ ಹಳಹಳಿಕೆ ಬೇರೆ, ಹಂಬಲ ಬೇರೆ. ಹಳಹಳಿಕೆಗೆ ಹೂವು ಮಾತ್ರ ಬೇಕು. ಹಂಬಲ ಗಾಯವನ್ನೂ ನೆನಪಿಡುತ್ತದೆ, ಏನಾದರೂ ಮಾಡಲು ಕೈಯನ್ನೂ ನೀಡುತ್ತದೆ.

ಇದಕ್ಕೆ ಉದಾಹರಣೆ ಓಕಿನಾವದ ಚರಿತ್ರೆಯಲ್ಲೇ ಇದೆ. ಹವಾಯಿಗೆ ಹೋದ ಓಕಿನಾವದವರು ಅಡುಗೆಮನೆಗಳ ಮುಸುರೆ ಸಂಗ್ರಹಿಸಿ ಹಂದಿ ಸಾಕಿದರು. ಅಲ್ಲಿದ್ದ ಉಳಿದ ಜಪಾನೀಯರ ಮಕ್ಕಳು ಇವರ ಮಕ್ಕಳನ್ನು ಹಂದಿಯ ಹೆಸರೆತ್ತಿ ಹಂಗಿಸುತ್ತಿದ್ದರು. ಯುದ್ಧ ಮುಗಿದಾಗ ಓಕಿನಾವದಲ್ಲಿ ಹಂದಿಗಳು ಇಲ್ಲವೆನ್ನುವಷ್ಟಾಗಿದ್ದವು. ಅಲ್ಲಿನ ಊಟವೇ ಹಂದಿಯನ್ನು ನೆಚ್ಚಿದ್ದು. ಸುದ್ದಿ ಕೇಳಿದ ಹವಾಯಿಯವರು ದುಡ್ಡು ಒಟ್ಟುಮಾಡಿ ಅಮೆರಿಕದಲ್ಲಿ 550 ಹಂದಿಗಳನ್ನು ಕೊಂಡರು. 1948ರ ಆಗಸ್ಟ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡಿನಿಂದ ಹೊರಟ ಹಡಗಿನಲ್ಲಿ ಏಳು ಮಂದಿ ಹಂದಿಗಳ ಜತೆಗೆ ಹೋದರು. ದಾರಿಯಲ್ಲಿ ಬಿರುಗಾಳಿಗೆ ದೊಡ್ಡಿಗಳು ಮುರಿದವು, ಕೆಲವು ಹಂದಿಗಳು ಸತ್ತವು. ಸೆಪ್ಟೆಂಬರ್ 27ರಂದು ಉಳಿದವನ್ನು ಓಕಿನಾವದಲ್ಲಿ ಇಳಿಸಿ ಹಳ್ಳಿ ಹಳ್ಳಿಗೆ ಹಂಚಿದರು. ತಮ್ಮನ್ನು ಯಾವುದರಿಂದ ಹಂಗಿಸಿದ್ದರೋ ಅದನ್ನೇ ಊರಿಗೆ ಉಡುಗೊರೆಯಾಗಿ ಕಳಿಸಿದ ಈ ಜನರ ಮುಂದೆ ನಮ್ಮ ಎಷ್ಟೋ ಊರ ನೆನಪಿನ ಕವಿತೆಗಳು ನನಗೆ ಸಪ್ಪೆಯಾಗಿ ತೋರುತ್ತವೆ.

'ಶಿಮಾ ಉತಾ' ಮುಟ್ಟದ ಇನ್ನೊಂದು ಗಾಯವಿದೆ, ಅದು ಶಾಲೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಓಕಿನಾವದ ಶಾಲೆಗಳಲ್ಲಿ 'ಹೋಗೆನ್ ಫುದಾ' ಎಂಬ ಮರದ ಹಲಗೆ ಬಂತು. ತರಗತಿಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಅದನ್ನು ತೂಗುಹಾಕುವುದು. ಇನ್ನೊಂದು ಮಗು ಅದೇ ತಪ್ಪು ಮಾಡುವಾಗ ಹಿಡಿದುಕೊಟ್ಟರೆ ಮಾತ್ರ ಇದಕ್ಕೆ ಬಿಡುಗಡೆ. ಯುದ್ಧದ ಮೇಲೂ ಕೆಲವು ಶಾಲೆಗಳಲ್ಲಿ ಇದು ಮುಂದುವರಿಯಿತು. ಹೇರಿದವರಲ್ಲಿ ಓಕಿನಾವದ ಅಧ್ಯಾಪಕರೇ ಬಹಳ. 1940ರಲ್ಲಿ ಜಪಾನಿನ ಕಲಾಚಿಂತಕ ಯಾನಾಗಿ ಮುನೆಯೋಶಿ ಅಲ್ಲಿಗೆ ಹೋಗಿ, ಇಷ್ಟು ಸೊಗಸಾದ ನುಡಿಯನ್ನು ಯಾಕೆ ಒರೆಸುತ್ತೀರಿ ಎಂದು ಆಕ್ಷೇಪಿಸಿದಾಗ ಅಲ್ಲಿನ ಕೆಲವರು ಸಿಟ್ಟಾದರು. ಓಸಾಕಾದಲ್ಲಿ, ಹವಾಯಿಯಲ್ಲಿ ಮಾತಿನ ಧಾಟಿಯಿಂದಲೇ ನಮ್ಮ ಮಕ್ಕಳು ಅವಮಾನ ತಿನ್ನುತ್ತಾರೆ, ನಿಮಗೇನು ಗೊತ್ತು ಎಂಬುದು ಅವರ ಸಂಕಟ. ಇಬ್ಬರದೂ ಸುಳ್ಳಲ್ಲ. 2009ರಲ್ಲಿ ಯುನೆಸ್ಕೊ ಆ ನುಡಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಆ ಹಲಗೆಯ ಕತೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನ ಮೇಜಿನ ಮೇಲೂ ಒಂದು ಹಲಗೆ ಇತ್ತು. ನಾನು ತುಳು ಮನೆಯವಳು, ಕಲಿಸಿದ್ದು ಕನ್ನಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಕ್ಕಳ ಕನ್ನಡ ಸುಧಾರಿಸಲೆಂದು ತರಗತಿಯಲ್ಲಿ ತುಳು ಆಡಿದರೆ ನಾಲ್ಕಾಣೆ ದಂಡ ಎಂದು ಗೊತ್ತುಮಾಡಿದ್ದೆ. 1997ರ ಜುಲೈ ತಿಂಗಳ ಒಂದು ಬೆಳಿಗ್ಗೆ ಒಬ್ಬ ಹುಡುಗ ಒದ್ದೆಮುದ್ದೆಯಾಗಿ ತಡವಾಗಿ ಬಂದು ಬಾಗಿಲಲ್ಲೇ "ಟೀಚರೇ, ಸಂಕ ಪೋಂಡು" ಎಂದ. ತೋಡಿನ ಕಾಲುಸಂಕ ನೆರೆಗೆ ಕೊಚ್ಚಿಹೋಗಿತ್ತು. ಅವನು ಸೊಂಟದಷ್ಟು ನೀರಿನಲ್ಲಿ ದಾಟಿ ಬಂದಿದ್ದ. ನಾನು ಮೊದಲು ಡಬ್ಬಿ ತೋರಿಸಿದೆ. ಅವನು ನಾಲ್ಕಾಣೆ ಹಾಕಿದ ಮೇಲೆ, "ಈಗ ಕನ್ನಡದಲ್ಲಿ ಹೇಳು" ಎಂದೆ. ಅವನು ಹೇಳಲಿಲ್ಲ. ಆ ವರ್ಷ ಪೂರ್ತಿ ಅವನು ನನ್ನ ತರಗತಿಯಲ್ಲಿ ತಾನಾಗಿ ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ.

1990ರಿಂದ ಓಕಿನಾವದಲ್ಲಿ ಸುಮಾರು ಐದು ವರ್ಷಕ್ಕೊಮ್ಮೆ, ಜಗತ್ತಿನಾದ್ಯಂತ ಚದುರಿದ ತಮ್ಮವರನ್ನು ಕರೆದು ದೊಡ್ಡ ಹಬ್ಬ ಮಾಡುತ್ತಾರೆ. ಏಳನೆಯದು 2022ರಲ್ಲಿ ನಡೆಯಿತು. ಬ್ರೆಜಿಲಿನಿಂದ, ಪೆರುವಿನಿಂದ, ಹವಾಯಿಯಿಂದ ಬಂದವರು ಅಜ್ಜಂದಿರ ಹಳ್ಳಿಗಳ ಹೆಸರು ಬರೆದ ಹಲಗೆ ಹಿಡಿದು ಬೀದಿಯಲ್ಲಿ ಸಾಗುತ್ತಾರೆ. ಆ ಚಿತ್ರಗಳನ್ನು ನೋಡುವಾಗ ನನಗೆ ಕೊರಳ ಹಲಗೆಯೇ ನೆನಪಾಗುತ್ತದೆ. ಈಗ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ, ಅಷ್ಟೆ. ಅಂಥದೊಂದು ಹಾಡನ್ನು ಯಾರಾದರೂ ಬರೆಯಬೇಕು. ಅದು ಬರುವವರೆಗೆ 'ಶಿಮಾ ಉತಾ' ಒಳ್ಳೆಯ ಹಾಡು. ಊರಿನ ಪೂರ್ತಿ ಹಾಡಲ್ಲ.

ಆ ಹುಡುಗ ಈಗ ಮಸ್ಕತ್ತಿನಲ್ಲಿದ್ದಾನೆ. ಕಳೆದ ತಿಂಗಳು ಫೋನು ಮಾಡಿದ್ದ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ 2010ರಿಂದ ತುಳುವನ್ನು ಮೂರನೆಯ ಭಾಷೆಯಾಗಿ ಆಯ್ದುಕೊಳ್ಳುವ ಅವಕಾಶವಿದೆ. ಕಲಿಸುವವರಿಗೆ ಸಂಬಳದ ತೊಂದರೆ. ಅವನೂ ಅವನ ನಾಲ್ಕು ಗೆಳೆಯರೂ ಸೇರಿ ಹಳೆಯ ಶಾಲೆಯಲ್ಲಿ ಒಬ್ಬರು ತುಳು ಟೀಚರಿಗೆ ತಿಂಗಳು ತಿಂಗಳು ಗೌರವಧನ ಕಳಿಸುತ್ತಾರಂತೆ. ಎಲ್ಲವನ್ನೂ ಶುದ್ಧ ಕನ್ನಡದಲ್ಲಿ ಹೇಳಿ ಮುಗಿಸಿ, ಕೊನೆಗೆ, "ಟೀಚರ್, ನಿಮಗೆ ತುಳು ಅರ್ಥವಾಗುತ್ತದಾ?" ಎಂದು ಕೇಳಿದ. ಇಷ್ಟು ವರ್ಷವೂ ಅವನಿಗೆ ಅದು ಗೊತ್ತಿರಲಿಲ್ಲ.

"ಎಂಕ್ ಬರ್ಪುಂಡು ಮಗಾ" ಎಂದೆ. ನನ್ನ ತಾಯಿಯ ಮಾತಿನಲ್ಲಿ ಅವನಿಗೆ ನಾನು ಹೇಳಿದ ಮೊದಲ ವಾಕ್ಯ ಅದು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು ನಕ್ಕ. "ಅಂಚಾಂಡ ಎನ್ನ ನಾಲಾಣೆ ಪಿರ ಕೊರ್ಲೆ ಟೀಚರೇ" ಎಂದ. ಹಾಗಾದರೆ ನನ್ನ ನಾಲ್ಕಾಣೆ ವಾಪಸು ಕೊಡಿ ಎಂದು.

ನಾಲ್ಕಾಣೆಯ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಗಿದೆ.