ಸೊಪ್ಪು ಬೆಂದ ನೀರು

ಪಾಸ್ತಾದ ವಿವಿಧ ಸಾಸುಗಳ ತಾರತಮ್ಯವನ್ನು ಈ ವಾರ ವಿವೇಚಿಸುವೆನೆಂದು ಕಳೆದ ಅಂಕಣದಲ್ಲಿ ಮಾತು ಕೊಟ್ಟಿದ್ದೆನಾದರೂ, ಚಳಿಗಾಲವು ಕಾಲಿಟ್ಟು, ಕಲ್ಯಾಣ, ಡೊಂಬಿವಲಿಗಳ ಸಂತೆಬೀದಿಗಳಲ್ಲಿ ಮೂಲಂಗಿಯ ಕಟ್ಟುಗಳು ಎಲೆಸಹಿತವಾಗಿ ರಾಶಿಬಿದ್ದಿರುವಾಗ, ಗಡ್ಡೆಯನ್ನು ಚೀಲಕ್ಕೆ ಹಾಕಿಕೊಂಡು ಎಲೆಯನ್ನು ಅಲ್ಲಿಯೇ ಮುರಿದೊಗೆಯುವವರನ್ನು ಕಂಡ ಮೇಲೆ, ಆ ಎಲೆಯ ಪಕ್ಷವನ್ನು ವಹಿಸದೆ ಇರಲಾರೆನು.

ಇಟಲಿಯ ಆಗ್ನೇಯ ತುದಿಯ ಪುಲ್ಯಾ ಪ್ರಾಂತದವರು ಚೀಮೆ ದಿ ರಾಪಾ ಎಂಬ ತುಸು ಕಹಿಯಾದ ಸೊಪ್ಪನ್ನು ಕಿವಿಯಾಕಾರದ ಒರೆಕ್ಯೆತ್ತೆಯೊಡನೆ ಒಂದೇ ಪಾತ್ರೆಯ ನೀರಿನಲ್ಲಿ ಬೇಯಿಸಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಆಲಿವ್ ಎಣ್ಣೆ ಹಾಗೂ ಉಪ್ಪಿನಲ್ಲಿಟ್ಟ ಸಣ್ಣ ಮೀನಿನ ಒಗ್ಗರಣೆಯಲ್ಲಿ ಹೊರಳಿಸುತ್ತಾರೆ. ಆ ಸೊಪ್ಪೂ ನಮ್ಮ ಸಾಸಿವೆ, ಮೂಲಂಗಿಗಳೂ ಒಂದೇ ಸಸ್ಯಕುಟುಂಬದವಾದುದರಿಂದ, ವಾಶಿಯ ಅಂಗಡಿಗಳಲ್ಲಿ ದುಬಾರಿಯ ಪರದೇಶೀ ಎಲೆಗಳನ್ನು ಅರಸುವ ಅಗತ್ಯವಿಲ್ಲ. ಮೀನು ತಿನ್ನುವವರಿಗೆ ಠಾಣೆಯ ಮಾರುಕಟ್ಟೆಯ ಮಾಂದೇಲಿ ಒದಗುತ್ತದೆ. ಅದೂ ಆ ಮೀನಿನ ವಂಶದ್ದೇ.

ಹಾಲು, ಮೈದಾ, ಚೀಸುಗಳ ಬಿಳಿಯ ಸಾಸಿನಲ್ಲಿ ಪಾಲಕನ್ನು ಮುಳುಗಿಸಿ ಅದನ್ನೇ ಇಟಲಿಯ ಅಡುಗೆಯೆಂದು ಬಡಿಸುವ ಪಂಥದೊಡನೆ ನನ್ನ ವಿರೋಧವು ಹಳೆಯದು, ಇಂದಿಗೂ ಶಮನವಾಗಿಲ್ಲ. ಕಹಿಯೇ ಸೊಪ್ಪಿನ ಪ್ರಾಣವಾಗಿರುವಲ್ಲಿ ಹಾಲಿನ ಜಿಡ್ಡು ಆ ಪ್ರಾಣವನ್ನೇ ಹರಣಮಾಡುತ್ತದೆ. ಪಾಸ್ತಾದ ಪಿಷ್ಟವೂ ಸೊಪ್ಪಿನ ಸಾರವೂ ಇಳಿದ ನೀರು ಒಂದು ಸೌಟು ಬಿದ್ದರೆ, ಎಣ್ಣೆಯೊಡನೆ ಬೆರೆತು ತಾನೇ ಸಾಂದ್ರವಾಗುವುದು. ಬಸ್ಸಾರಿನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬೋಧಿಸಬೇಕಾಗಿಲ್ಲ. ಸೊಪ್ಪನ್ನು ಬಸಿದ ನೀರಿನ ಮೌಲ್ಯವನ್ನು ಮಂಡ್ಯ, ಹಾಸನಗಳ ಅಡುಗೆಮನೆಯಷ್ಟು ಬಲ್ಲವರು ವಿರಳ.

ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವನ್ನು ನಾನು ಮತ್ತೆ ಮತ್ತೆ ತೆರೆಯುವುದುಂಟು. ಹಿಟ್ಟಿನ ಪಾಕಗಳಿಗೊಂದು, ಶಾಕಗಳಿಗೊಂದು ಎಂದು ಅಧ್ಯಾಯಗಳನ್ನು ಬೇರ್ಪಡಿಸಿದ ಆ ಕವಿಯ ಶಿಸ್ತು ನನಗೆ ಪೂಜ್ಯವಾದುದು. ಆ ಎರಡನ್ನೂ ಒಂದೇ ಕುದಿತದಲ್ಲಿ ಕೂಡಿಸುವ ಪುಲ್ಯಾದ ರೈತಗೃಹಿಣಿಯ ಜಾಣ್ಮೆಯೂ ಅಷ್ಟೇ ಪೂಜ್ಯವಾದುದು.

ಇನ್ನು ಶೀಘ್ರತೆಯ ವಿಷಯ. ಸೊಪ್ಪಿನ ಅಡುಗೆಯಲ್ಲಿ ಕಾಲವನ್ನು ನುಂಗುವುದು ಒಲೆಯಲ್ಲ, ಬಿಡಿಸುವ ಕೆಲಸ. ಸಂಜೆಯ ಕಲ್ಯಾಣ ಲೋಕಲಿನ ಮಹಿಳೆಯರ ಡಬ್ಬಿಯಲ್ಲಿ, ದಿನವಿಡೀ ದುಡಿದು ಬಂದ ಹೆಂಗಸರು ಮಡಿಲಲ್ಲಿ ಚೀಲವನ್ನು ಹರವಿ ಮೆಂತ್ಯವನ್ನು ಬಿಡಿಸುತ್ತ, ಅವರೆ, ಬಟಾಣಿಗಳನ್ನು ಸುಲಿಯುತ್ತ ಬರುವುದನ್ನು ಈ ಭಾಗದವರೆಲ್ಲರೂ ಬಲ್ಲರು. ಹದಿನೈದು ನಿಮಿಷದ ಅಡುಗೆಯೆಂದು ನಾವು ಲಘುವಾಗಿ ಹೊಗಳುವುದರ ಹಿಂದೆ, ಠಾಣೆ ದಾಟಿ ದಿವಾ ಮುಟ್ಟುವಷ್ಟರಲ್ಲಿ ಮುಗಿದ ಈ ದುಡಿಮೆಯಿದೆ. ಪಾಕಗ್ರಂಥಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ದೊಡ್ಡ ಅನ್ಯಾಯ. ಮನೆಯಲ್ಲಿ ಕಾದಿರುವ ಗಂಡಸರು ಆ ಕೆಲಸಕ್ಕೆ ಕೈಹಚ್ಚದಿರುವುದು ಅದಕ್ಕಿಂತ ದೊಡ್ಡದು.

ಮೂವರಿಗೆ 250 ಗ್ರಾಂ ಪಾಸ್ತಾ, ಅರ್ಧ ಕಿಲೋ ಸೊಪ್ಪು, ಎರಡೂವರೆ ಲೀಟರ್ ನೀರು, 20 ಗ್ರಾಂ ಉಪ್ಪು ಸಾಕು. ನೀರು ಕುದಿದ ಮೇಲೆ ಪಾಸ್ತಾವನ್ನೂ ಕಡೆಯ ಐದು ನಿಮಿಷಗಳಿರುವಾಗ ಹೆಚ್ಚಿದ ಸೊಪ್ಪನ್ನೂ ಹಾಕಿ, ಪೊಟ್ಟಣದಲ್ಲಿ ಹೇಳಿದುದಕ್ಕಿಂತ ಒಂದು ನಿಮಿಷ ಮೊದಲೇ ಬಸಿಯತಕ್ಕದ್ದು. ಬೆಳ್ಳುಳ್ಳಿ ಕಂದದಂತೆ ಸಣ್ಣ ಉರಿಯಲ್ಲಿ ಒಗ್ಗರಣೆ ಇರಲಿ. ದಕ್ಷಿಣ ಇಟಲಿಯ ಬಡವರು ಚೀಸು ದೊರೆಯದಾಗ ಹುರಿದ ಬ್ರೆಡ್ಡಿನ ಪುಡಿಯನ್ನು ಉದುರಿಸುತ್ತಿದ್ದರು. ನಮಗೆ ನಿನ್ನೆಯ ಪಾವ್ ಆಗುತ್ತದೆ, ಚೀಸಿಗಿಂತ ಅದೇ ಮೇಲು. ಉಳಿದ ನೀರನ್ನು ಚೆಲ್ಲಬೇಡಿರಿ. ಮರುದಿನದ ಬೇಳೆಯ ಸಾರಿಗೆ ಅದನ್ನು ಬಳಸಿರಿ, ಉಪ್ಪನ್ನು ಮಾತ್ರ ರುಚಿ ನೋಡಿದ ಮೇಲೆಯೇ ಹಾಕಿರಿ.