ಲಕ್ಷ ದಾಟಿದ ಇಂಜಿನ್ನು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹಳೆಯ ಸ್ಪ್ಲೆಂಡರ್ ಬೈಕ್ ಮಾರುವವರು ಗಾಡಿಯ ಬಗ್ಗೆ ಹೇಳುವ ದೊಡ್ಡ ಮಾತೆಂದರೆ 'ಇಂಜಿನ್ ಇನ್ನೂ ಬಿಚ್ಚೇ ಇಲ್ಲ ಕಣಣ್ಣ' ಎನ್ನುವುದು. ಬಣ್ಣ ಹೋಗಿರಲಿ, ಸೀಟು ಹರಿದಿರಲಿ, ಈ ಮಾತಿಗೆ ಬೆಲೆಯಿದೆ. ಮೀಟರಿನ ಅಂಕಿ ದೊಡ್ಡದಾದಷ್ಟೂ ಮಾತಿನ ತೂಕ ಹೆಚ್ಚು. ಸ್ಪ್ಲೆಂಡರ್ ಇಂಜಿನ್ ಬಹಳ ಕಾಲ ಬಾಳುತ್ತದೆ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಬಾಳಿಕೆಯನ್ನು ಹೀಗೆ ಅಳೆಯುವುದು ತಪ್ಪು, ಈ ತಪ್ಪಿನಿಂದಲೇ ಎಷ್ಟೋ ಒಳ್ಳೆಯ ಇಂಜಿನ್ನುಗಳು ಹೊತ್ತಿಗೆ ಮುಂಚೆ ಕೆಡುತ್ತಿವೆ.

ಸ್ಪ್ಲೆಂಡರ್ ಕಟ್ಟುವ ಹೀರೋ ಕಂಪನಿ 1984ರಲ್ಲಿ ಜಪಾನಿನ ಹೋಂಡಾ ಜೊತೆ ಸೇರಿತು. 1985ರಲ್ಲಿ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ರಸ್ತೆಗಿಳಿದವು. 2011ರ ಹೊತ್ತಿಗೆ ಜೋಡಿ ಬೇರೆಯಾದರೂ ಇಂಜಿನ್ನಿನ ಅಳತೆ ಹಾಗೇ ಉಳಿಯಿತು: 50 ಮಿ.ಮೀ. ಬೋರು, 49.5 ಮಿ.ಮೀ. ಸ್ಟ್ರೋಕು, 97.2 ಸಿಸಿ. ಹೆಚ್ಚುಕಡಿಮೆ ಅಡ್ಡ ಮಲಗಿರುವ ಈ ಸಿಲಿಂಡರು 1958ರ ಹೋಂಡಾ ಸೂಪರ್ ಕಬ್‌ನ ವಂಶದ್ದು. ಕೊಡುವ ಶಕ್ತಿ ಏಳೂವರೆ ಅಶ್ವಶಕ್ತಿಯ ಆಸುಪಾಸು. ಇಷ್ಟು ಕಡಿಮೆ ಕೇಳಿದ್ದರಿಂದಲೇ ಅದು ಇಷ್ಟು ಹೆಚ್ಚು ಕೊಟ್ಟಿದೆ. ಗೇರಿನ ಹಲ್ಲು, ಚಕ್ರದ ಸುತ್ತಳತೆ ಹಿಡಿದು ಲೆಕ್ಕ ಹಾಕಿದರೆ, ಟಾಪ್ ಗೇರಿನಲ್ಲಿ ಒಂದು ಕಿಲೋಮೀಟರ್ ಸಾಗಲು ಕ್ರ್ಯಾಂಕು ಸುಮಾರು 6,000 ಸಲ ತಿರುಗಬೇಕು. ಲಕ್ಷ ಕಿಲೋಮೀಟರಿಗೆ 60 ಕೋಟಿ ಸುತ್ತು. ಅಷ್ಟು ಸುತ್ತಿದ ಮೇಲೂ ಬೆಳಗ್ಗೆ ಒಂದೇ ಕಿಕ್ಕಿಗೆ ಎದ್ದು ನಿಲ್ಲುವ ಯಂತ್ರವನ್ನು ಮೆಚ್ಚದೆ ಇರಲು ಆಗುವುದಿಲ್ಲ.

ಅದೂ ಟಾಪ್ ಗೇರಿನ ಲೆಕ್ಕ. ಹನೂರು ದಾಟಿ ಕೌದಳ್ಳಿ, ತಾಳಬೆಟ್ಟದ ಮೇಲೆ ಅಮಾವಾಸ್ಯೆಗೆ ಮಹದೇಶ್ವರ ಬೆಟ್ಟದ ಮಾದಪ್ಪನ ದರ್ಶನಕ್ಕೆ ಹೊರಟ ಗಾಡಿಯ ಮೇಲೆ ಗಂಡ, ಹೆಂಡತಿ, ಮಗು, ಮುಂದೆ ಟ್ಯಾಂಕಿನ ಮೇಲೊಂದು ಚೀಲ ಇರುತ್ತದೆ. ತಿರುವಿನಲ್ಲಿ ಎರಡನೇ ಗೇರು, ಕೆಲವೆಡೆ ಒಂದನೆಯದು. ಅದೇ ಒಂದು ಕಿಲೋಮೀಟರಿಗೆ ಕ್ರ್ಯಾಂಕಿನ ಸುತ್ತು ಸುಮಾರು ಎರಡು ಪಟ್ಟಾಗುತ್ತದೆ, ಬೀಸುವ ಗಾಳಿ ಮಾತ್ರ ಕಡಿಮೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವಾಗಲೂ ಇದೇ ಕಥೆ. ಬಯಲಿನಲ್ಲಿ ಬೇರೆ ಕಷ್ಟಗಳಿವೆ: ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ, ಕೊಳ್ಳೇಗಾಲದ ಮಾರುಕಟ್ಟೆಗೆ ಒಯ್ಯುವ ರೇಷ್ಮೆ ಗೂಡು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಏಳುವ ದೂಳು. ಮಳೆಗಾಲದಲ್ಲಿ ಮುಂದಿನ ಚಕ್ರ ಎರಚುವ ಕೆಸರು ಅಡ್ಡ ಮಲಗಿದ ಹೆಡ್ಡಿನ ರೆಕ್ಕೆಗಳ ನಡುವೆ ಒಣಗಿ ಕೂರುತ್ತದೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಇಂಜಿನ್ನಿಗೆ ಅದು ಹೊದಿಸಿದ ಕಂಬಳಿ. ಇಲ್ಲಿಯ 50,000 ಕಿಲೋಮೀಟರನ್ನು ಬೆಂಗಳೂರು–ಮೈಸೂರು ರಸ್ತೆಯ 50,000ಕ್ಕೆ ಸಮ ಎಂದು ನಾನಂತೂ ಒಪ್ಪುವುದಿಲ್ಲ.

ಇನ್ನು ಆ ಅಂಕಿಯ ಮಾತು. ಹಳೆಯ ಸ್ಪ್ಲೆಂಡರಿನ ಮೀಟರಿನಲ್ಲಿ ಕಿಲೋಮೀಟರಿಗಿರುವುದು ಐದೇ ಮನೆ. 99,999 ಆದ ಮೇಲೆ ಮತ್ತೆ ಸೊನ್ನೆಗಳು. ಕೇಬಲ್ ತುಂಡಾಗಿ ವರ್ಷಗಟ್ಟಲೆ ಮುಳ್ಳು ಅಲುಗದ ಗಾಡಿಗಳೂ ಬೇಕಾದಷ್ಟಿವೆ. ಹಾಗಾಗಿ 'ಎರಡು ಲಕ್ಷ ಓಡಿದೆ' ಎನ್ನುವುದೂ 'ಮೂವತ್ತೇ ಸಾವಿರ' ಎನ್ನುವುದೂ ನಂಬಿಕೆಯ ಮೇಲೆ ನಿಂತ ಮಾತುಗಳು.

ನಂಬಬಹುದಾದ ಸಾಕ್ಷಿ ಇಂಜಿನ್ನಿನ ಒಳಗಿದೆ. ಅದನ್ನು ನೋಡಬೇಕಾದರೆ ಬಿಚ್ಚಲೇಬೇಕು. ಬಲಗಡೆಯ ಕ್ಲಚ್ ಕವರಿನ ಹಿಂದೆ, ಕ್ರ್ಯಾಂಕಿನ ತುದಿಯಲ್ಲಿ ಒಂದು ಪುಟ್ಟ ಬಟ್ಟಲಿನಂಥ ಭಾಗವಿದೆ. ಕಾರಿನಲ್ಲಿರುವಂತೆ ಬಿಚ್ಚಿ ಎಸೆಯುವ ಆಯಿಲ್ ಫಿಲ್ಟರು ಈ ಇಂಜಿನ್ನಿಗಿಲ್ಲ. ಅಡಿಯ ಜಾಲರಿ ಮತ್ತು ಈ ಬಟ್ಟಲು ಎರಡೇ ಅದರ ಶೋಧಕಗಳು. ಕ್ರ್ಯಾಂಕಿನ ಜೊತೆ ಬಟ್ಟಲೂ ಗಿರ್ರನೆ ತಿರುಗುತ್ತದೆ, ಆಯಿಲಿನಲ್ಲಿರುವ ಲೋಹದ ಪುಡಿ, ಕ್ಲಚ್ ಪ್ಲೇಟಿನ ಕಸ ಹೊರಕ್ಕೆ ಸಿಡಿದು ಗೋಡೆಗೆ ಅಂಟುತ್ತವೆ, ತಿಳಿಯಾದ ಆಯಿಲ್ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಹೋಗುತ್ತದೆ. ಬಹಳ ಚೆನ್ನಾದ ಏರ್ಪಾಟು, ಆದರೆ ಒಂದು ಷರತ್ತಿನ ಮೇಲೆ: ಗೋಡೆಗೆ ಅಂಟಿದ್ದನ್ನು ಆಗಾಗ ಯಾರಾದರೂ ಕೆರೆದು ತೆಗೆಯಬೇಕು. ಆಯಿಲ್ ಬದಲಿಸಿದರೆ ಅದು ಹೋಗುವುದಿಲ್ಲ. ಕಿಕ್ಕರ್ ತೆಗೆದು, ಕವರ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಬೇಕು. ಮೆಕ್ಯಾನಿಕ್ಕು ಸ್ಪ್ಯಾನರ್ ಹಿಡಿದು ಅತ್ತ ಬಂದ ಕೂಡಲೇ ಮಾಲೀಕ 'ಬೇಡ, ಇಂಜಿನ್ ಬಿಚ್ಚಬೇಡ' ಎನ್ನುತ್ತಾನೆ. ಬಟ್ಟಲು ತುಂಬಿ ಮಡ್ಡಿ ಗಟ್ಟಿಯಾಗುತ್ತದೆ. ಒಂದು ದಿನ ಕೆಳಗಿನಿಂದ ಕಟಕಟ ಸದ್ದು ಶುರುವಾದರೆ, ಆ ಬೇರಿಂಗಿನ ಆಯುಸ್ಸು ಮುಗಿದಿರುತ್ತದೆ.

ಇಲ್ಲಿ ಕಂಪನಿಯನ್ನೂ ಬಿಡುವಂತಿಲ್ಲ. ಅತಿ ಮುಖ್ಯವಾದ ಶೋಧಕವನ್ನು ಕೈಗೆ ಸಿಗದ ಕಡೆ ಇಟ್ಟಿದ್ದು ವಿನ್ಯಾಸದ ಕೊರತೆ. ಎಂಬತ್ತರ ದಶಕದ ಜಾಹೀರಾತು ಪೆಟ್ರೋಲ್ ತುಂಬಿ, ಮುಚ್ಚಳ ಹಾಕಿ, ಮರೆತುಬಿಡಿ ಎಂದು ಜನರಿಗೆ ಕಲಿಸಿತು. ಪೆಟ್ರೋಲಿನ ಮಟ್ಟಿಗೆ ಆ ಮಾತು ನಿಜವಿತ್ತು. ಜನ ಅದನ್ನು ಆಯಿಲಿಗೂ ಹಚ್ಚಿಕೊಂಡರು. ಈ ಇಂಜಿನ್ನಿಗೆ ಹಿಡಿಯುವುದೇ ಒಂದು ಲೀಟರಿನಷ್ಟು ಆಯಿಲ್. ಗೇರು, ಕ್ಲಚ್ಚು, ಪಿಸ್ಟನ್ನು ಎಲ್ಲಕ್ಕೂ ಅದೇ. ಹಳೆಯದನ್ನು ಇಳಿಸದೆ ಮೇಲಿಂದ ಕಾಲು ಲೀಟರ್ ಸುರಿಯುವುದು, ಸದ್ದು ಅಡಗಲೆಂದು ಕಂಪನಿ ಹೇಳಿದ್ದಕ್ಕಿಂತ ದಪ್ಪನೆಯ ಆಯಿಲ್ ಹಾಕುವುದು, ಎರಡೂ ರೋಗವನ್ನು ಮುಚ್ಚಿಡುವ ಉಪಾಯಗಳೇ ಹೊರತು ಮದ್ದಲ್ಲ.

ಬಿಚ್ಚಿದರೆ ಇಂಜಿನ್ ಕೆಡುತ್ತದೆ ಎಂಬ ಭಯ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ. ಹಾಫ್ ಇಂಜಿನ್ ಕೆಲಸವೆಂದರೆ ಹೆಡ್ಡು, ಬ್ಲಾಕು, ಪಿಸ್ಟನ್ನು. ಫುಲ್ ಇಂಜಿನ್ ಎಂದರೆ ಕ್ರ್ಯಾಂಕೂ ಸೇರಿ. ಹೊಗೆ ಹೊಡೆಯುತ್ತಿದೆ ಎಂದು ಹಾಫ್ ಇಂಜಿನ್ನಿಗೆ ಬಿಟ್ಟಾಗ ಬ್ಲಾಕನ್ನು ಅಳೆಯದೆ ಬರೀ ರಿಂಗ್ ಬದಲಿಸಿ ಕಳಿಸುವುದುಂಟು. ಸವೆದು ಮೊಟ್ಟೆಯಾಕಾರವಾದ ಬೋರಿನಲ್ಲಿ ಹೊಸ ರಿಂಗ್ ಕೂರುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೊಗೆ ಮತ್ತೆ ಬರುತ್ತದೆ, ಬಿಚ್ಚಿದ್ದಕ್ಕೇ ಕೆಟ್ಟಿತು ಎನ್ನುವ ಮಾತೂ ಹುಟ್ಟುತ್ತದೆ. ಮೈಕ್ರೋಮೀಟರ್ ಇಟ್ಟುಕೊಂಡು, ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೇ ಬೋರ್ ಹೊಡೆದು, ಹೋನಿಂಗ್ ಮಾಡಿ ಕೊಡುವ ಲೇತ್ ಕೆಲಸಗಾರನ ಕೈಯಲ್ಲಿ ಇದೇ ಇಂಜಿನ್ ಇನ್ನೊಂದು ಜನ್ಮ ಪಡೆಯುತ್ತದೆ. ಅಲ್ಯೂಮಿನಿಯಂ ಬ್ಲಾಕಿನ ಒಳಗೆ ಎರಕದ ಕಬ್ಬಿಣದ ಸ್ಲೀವ್ ಇರುವುದೇ ಅದಕ್ಕೆ. ಪಿಸ್ಟನ್ನುಗಳು 0.25, 0.50, 0.75, 1.00 ಮಿ.ಮೀ. ಹೆಚ್ಚಿನ ಅಳತೆಯಲ್ಲಿ ಸಿಗುತ್ತವೆ. ಅಂದರೆ ಈ ಇಂಜಿನ್ನನ್ನು ಕಟ್ಟಿದವರೇ ಅದು ನಾಲ್ಕು ಸಲ ಬಿಚ್ಚಿಸಿಕೊಳ್ಳಲಿ ಎಂದು ಜಾಗ ಬಿಟ್ಟಿದ್ದಾರೆ. ಬಾಳಿಕೆ ಎಂದರೆ ಇದು.

ಮೈಸೂರಿನಲ್ಲೇ ಹುಟ್ಟಿದ ಯೆಜ್ಡಿ ಬೈಕಿನ ಜೊತೆ ಇಟ್ಟು ನೋಡಿದರೆ ಇನ್ನೊಂದು ವಿಷಯ ಸ್ಪಷ್ಟವಾಗುತ್ತದೆ. ಎರಡು ಸ್ಟ್ರೋಕಿನ ಆ 250 ಸಿಸಿ ಇಂಜಿನ್ನಿನಲ್ಲಿ ವಾಲ್ವಿಲ್ಲ, ಟೈಮಿಂಗ್ ಚೈನಿಲ್ಲ, ಕೆಡುವ ಭಾಗಗಳೇ ಕಡಿಮೆ. ಲೋಹವೂ ದಪ್ಪ. ಆದರೂ 1996ರಲ್ಲಿ ಅದನ್ನು ಕಟ್ಟುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗ ಹುಡುಕಿ ಅಲೆಯುವ ಪಾಡು ಬಂತು, ಗಟ್ಟಿ ಇಂಜಿನ್ನುಗಳು ಕೊಟ್ಟಿಗೆ ಸೇರಿದವು. ಸ್ಪ್ಲೆಂಡರಿನ ರಿಂಗ್ ಸೆಟ್ಟು, ಗ್ಯಾಸ್ಕೆಟ್ಟು, ಕನೆಕ್ಟಿಂಗ್ ರಾಡ್ ಕಿಟ್ಟು ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ.

2020ರ ಬಿಎಸ್ 6 ನಿಯಮದಿಂದ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಸೆನ್ಸರ್ ಕೆಟ್ಟರೆ ದಾರಿಬದಿಯ ರಿಪೇರಿ ಮೊದಲಿನಷ್ಟು ಸುಲಭವಲ್ಲ, ನಿಜ. ಆದರೆ ದೂಳು, ಕೊಳಕು ಆಯಿಲ್, ಸವೆತ ಇವುಗಳ ಮಟ್ಟಿಗೆ ಹೊಸದಕ್ಕೂ ಯಾವ ರಿಯಾಯಿತಿಯೂ ಇಲ್ಲ. ಕೊಳ್ಳಲು ಹೋದವರು ಕೇಳಬೇಕಾದದ್ದು ಬಿಚ್ಚಿದೆಯೋ ಇಲ್ಲವೋ ಎಂದಲ್ಲ: ಯಾರು ಬಿಚ್ಚಿದರು, ಯಾವ ಅಳತೆಯ ಪಿಸ್ಟನ್ ಹಾಕಿದರು, ಕ್ಲಚ್ ಕವರಿನ ಒಳಗಿನ ಬಟ್ಟಲು ತೊಳೆದದ್ದು ಯಾವಾಗ. 80,000 ಓಡಿಯೂ ಒಮ್ಮೆಯೂ ತೆರೆಯದ ಇಂಜಿನ್ನಿಗಿಂತ, ತಲೆಯ ಮೇಲೆ 0.50 ಎಂದು ಕೊರೆದ ಪಿಸ್ಟನ್ ಇರುವ, ಒಳ್ಳೆಯ ಲೇತಿನಲ್ಲಿ ಬೋರ್ ಆದ ಇಂಜಿನ್ನಿಗೇ ನಾನು ಹೆಚ್ಚು ದುಡ್ಡು ಕೊಡುತ್ತೇನೆ. ಅದಕ್ಕೆ ಇನ್ನೂ ಎರಡು ಬೋರು ಬಾಕಿ ಇವೆ.